ಬೈದು ಕೊಟ್ಟ ಕಟ್ಟಿಗೆ

ಕಲಬುರಗಿ
ಚೈತ್ರ ಶುದ್ಧ ಅಷ್ಟಮಿ, ಫಸಲಿ ೧೩೩೨

ತಂದೆಯ ಜಾಗದಲ್ಲಿ ನಿಂತು ನನ್ನನ್ನು ಬೆಳೆಸಿದ ಅಣ್ಣ ಸೂಗಪ್ಪನಿಗೆ ತಂಗಿ ನೀಲಗಂಗಾ ತಲೆಬಾಗಿ ಮಾಡುವ ಶರಣಾರ್ಥಿ.

ಮೊದಲು ಅಕ್ಷರದ ಮಾತು. ಮಠದ ಶಾಲೆ ಬಿಟ್ಟ ಮೇಲೆ ನಾನು ಇಷ್ಟು ಉದ್ದದ ಕಾಗದ ಬರೆದದ್ದೇ ಇಲ್ಲ. ಸಾಲುಗಳು ಮೇಲೆ ಹತ್ತಿ ಕೆಳಗೆ ಇಳಿದಿವೆ, ಒತ್ತು ದೀರ್ಘಗಳು ಇರಬೇಕಾದ ಕಡೆ ಇಲ್ಲ. ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡ, ತಿದ್ದಿಕೊಂಡು ಓದು. ನಿನಗೂ ಓದುವುದು ನಿಧಾನವೆಂದು ಗೊತ್ತಿದೆ. ಆದರೂ ಈ ಕಾಗದವನ್ನು ಮಠದ ಅಯ್ಯನವರ ಕೈಗೆ ಕೊಟ್ಟು ಓದಿಸಬೇಡ. ಅತ್ತಿಗೆಯ ಮುಂದೆ ಗಟ್ಟಿಯಾಗಿಯೂ ಓದಬೇಡ. ಒಂದು ದಿನ ಹಿಡಿದರೂ ಸರಿ, ನೀನೊಬ್ಬನೇ ಓದು.

ಉಗಾದಿಗೆ ನೀನು ಕಳಿಸಿದ ಕೆಂಪು ಬಾಳೆಯ ಗೊನೆ ಮುಟ್ಟಿತು. ಆಗಲೇ ತಿಳಿಸಬೇಕಾಗಿತ್ತು, ತಡವಾಯಿತು, ಸಿಟ್ಟಾಗಬೇಡ. ಗೊನೆಯ ಜೊತೆಗೆ ಬಂಡಿಯ ಶಫಿ ನಿನ್ನ ಮಾತನ್ನೂ ತಂದಿದ್ದ. ಎತ್ತಿನ ಕೊರಳ ಹಗ್ಗವನ್ನು ಸರಿಪಡಿಸುತ್ತ, ನನ್ನ ಮುಖ ನೋಡದೆ ಹೇಳಿದ: "ಮುದುಕನ ಕೈ ಮುರದಾಂವ ನನ್ನ ತಮ್ಮ ಅಲ್ಲ, ಅಂವ ಜೇಲಿನಾಗ ಇರ್ಲಿ ಅಂತ ಸೂಗಪ್ಪಣ್ಣ ಹೇಳ್ಯಾನ್ರೀ ಅಕ್ಕೋರ." ಆ ಗೊನೆಯ ಒಂದು ಹಣ್ಣನ್ನೂ ನನಗೆ ತಿನ್ನಲಾಗಲಿಲ್ಲ. ಅತ್ತೆ ನೆರೆಹೊರೆಗೆ ಹಂಚಿದರು.

ಅಣ್ಣ, ಬರುವ ಗುರುವಾರ ದೌಲಪ್ಪನನ್ನು ನ್ಯಾಯದ ಕಚೇರಿಯ ಮುಂದೆ ನಿಲ್ಲಿಸುತ್ತಾರೆ. ನೀನು ಬರದಿದ್ದರೆ ನಮ್ಮ ತಮ್ಮ ವರ್ಷಗಟ್ಟಲೆ ಒಳಗೆ ಹೋಗುತ್ತಾನೆ. ಯಾಕೆ ಹೀಗೆ ಹೇಳುತ್ತಿದ್ದೇನೆಂದು ತಿಳಿಯಬೇಕಾದರೆ ಇಲ್ಲಿ ನಡೆದುದನ್ನು ನಡೆದ ಹಾಗೆ ಬರೆಯಬೇಕು.

ಪೊಲೀಸ್ ಅಮೀನರ ಕಾಗದದಲ್ಲಿ ಹೀಗೆ ಇದೆಯಂತೆ. ಹೋಳಿ ಹುಣ್ಣಿಮೆಯ ಮಧ್ಯಾಹ್ನ ಕಮಲಾಪುರದಲ್ಲಿ ಜಹಾಂಗೀರ್ ಸೇಠರ ಕಟ್ಟಿಗೆ ಅಡ್ಡೆಗೆ ಐದು ಮಂದಿ ನುಗ್ಗಿದರು. ಕಾವಲುಗಾರ ಕರೀಂಸಾಬನನ್ನು ಕೆಡವಿ ಕೈ ಮುರಿದರು. ಸಾಗವಾನಿ ತೊಲೆಯೊಂದನ್ನು ಹೊತ್ತೊಯ್ದು ಸುಟ್ಟರು. ನಾಲ್ವರು ಸಿಕ್ಕಿದ್ದಾರೆ, ಐದನೆಯವನು ಓಡಿಹೋಗಿದ್ದಾನೆ, ಅವನು ಯಾರೆಂದು ಯಾರೂ ಹೇಳುತ್ತಿಲ್ಲ. ಕೆಡವಿದವನು ನಾನೇ ಎಂದು ದೌಲಪ್ಪ ಒಪ್ಪಿಕೊಂಡಿದ್ದಾನೆ.

ಇದನ್ನು ಕೇಳಿದಾಗ ಬೇರೆ ಯಾವುದೋ ಊರಿನ ಸುದ್ದಿ ಅನ್ನಿಸಿತು. ಕಾಮನ ಸುಡುವ ದಿನ ನಮ್ಮೂರಲ್ಲಿ ಕಟ್ಟಿಗೆ ಹೇಗೆ ಒಯ್ಯುತ್ತಾರೆಂದು ನಿನಗೆ ಗೊತ್ತಿಲ್ಲವೇ? ಅವ್ವನನ್ನು ನೆನಪು ಮಾಡಿಕೋ. ವರ್ಷವೆಲ್ಲ ಗಟ್ಟಿಯಾಗಿ ಮಾತಾಡದ ಅವ್ವ ಆ ದಿನ ಬಾಗಿಲಲ್ಲಿ ನಿಂತು ಹುಡುಗರ ವಂಶವನ್ನೆಲ್ಲ ಬೈಯುತ್ತಿದ್ದಳು. ಬೈಯುತ್ತಲೇ ಮುರುಕು ಕುಂಟೆಯನ್ನು ಕಾಲಿನಿಂದ ಅವರ ಕಡೆ ಸರಿಸುತ್ತಿದ್ದಳು. ಬೈದರೆ ಒಯ್ಯಿರಿ ಎಂದು ಅರ್ಥ. ಬೈಯದೆ ಸುಮ್ಮನೆ ನಿಂತ ಮನೆಯ ಒಂದು ಕುಳ್ಳನ್ನೂ ಯಾರೂ ಮುಟ್ಟುವುದಿಲ್ಲ. ಆ ಮನೆಯಲ್ಲಿ ಏನೋ ದುಃಖವಿದೆ ಎಂದು ಹಲಗೆ ಬಾರಿಸುವುದನ್ನು ನಿಲ್ಲಿಸಿ ಮುಂದೆ ಹೋಗುತ್ತಾರೆ. ಆದರೆ ಜಹಾಂಗೀರ್ ಸೇಠರು ಹೈದರಾಬಾದಿನ ಕಡೆಯವರು, ಊರಿಗೆ ಹೊಸಬರು. ಅವರಿಗೆ ಕಂಡದ್ದು ಇಷ್ಟೇ: ತೊಲೆ ಇಲ್ಲ, ಕಾವಲುಗಾರನ ಕೈ ಮುರಿದಿದೆ.

ವಕೀಲ ಪ್ರಹ್ಲಾದರಾಯರ ಹೆಂಡತಿ ಮುಕ್ತಾಬಾಯಿಯವರು ನಮ್ಮ ಮಾವನ ಅಂಗಡಿಯ ಹಳೆಯ ಗಿರಾಕಿ. ತೊಗರಿಬೇಳೆ ಮುಟ್ಟಿಸುವ ನೆಪದಲ್ಲಿ ಅತ್ತೆ ನನ್ನನ್ನೂ ಅವರ ಮನೆಗೆ ಕರೆದುಕೊಂಡು ಹೋದರು. ಅತ್ತೆ ಹೊಸ್ತಿಲ ಹತ್ತಿರ ಕುಳಿತರು. ನಾನು ಕದದ ಹಿಂದೆ ನಿಂತೆ. ರಾಯರು ಅಡಿಕೆ ಕತ್ತರಿಸುತ್ತ ಅತ್ತೆಗೆ ತಿಳಿಸಿ ಹೇಳಿದರು.

"ಕಳವು ಅಂದ್ರ ಸುಮ್ಮ ಅಲ್ರೀ ಅಂಬಮ್ಮ. ವಸ್ತು ಎತ್ತಿ ಒಯ್ಯೂವಂಥದ್ದು ಇರಬೇಕು. ಹೊಲ ಕದಿಯಾಕ ಬರೂದಿಲ್ಲ. ಗಿಡ ನೆಲದಾಗ ಇರೂತನಕ ಕದಿಯಾಕ ಬರೂದಿಲ್ಲ, ಕಡದ ಕೂಡ್ಲೆ ಬರ್ತದ. ಅದು ಇನ್ನೊಬ್ಬರ ತಾಬಾದಾಗ ಇರಬೇಕು. ಅವರ ಒಪ್ಪಿಗಿ ಇರಬಾರದು. ಒಯ್ಯಾಂವನ ಮನಸಿನಾಗ ಬೇಮಾನಿ ಇರಬೇಕು. ಇಷ್ಟು ಇದ್ದು ಅದನ್ನ ಇದ್ದ ಜಾಗಾದಿಂದ ಸರಿಸಿದ್ರ ಮುಗೀತು, ಮನೀತನಕ ಒಯ್ಯೂದೂ ಬ್ಯಾಡ."

ಒಳಗಿನಿಂದ ಮುಕ್ತಾಬಾಯಿ, "ಹಂಗಾದ್ರ ನೀವು ಡಬ್ಬಿಯೊಳಗಿನ ಉಂಡಿ ತಿಂದು ಮುಚ್ಚಳ ಹಾಕಿ ಇಡತೀರಲ್ಲ, ಅದಕ್ಕೇನಂತೀರಿ?" ಎಂದರು.

"ಅದಕ್ಕ ಸಂಸಾರ ಅಂತಾರ," ಎಂದರು ರಾಯರು. ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ರಾಯರು ಅಡಕೊತ್ತನ್ನು ಕೆಳಗಿಟ್ಟಿದ್ದರು.

"ಈಗ ಕೇಳ್ರಿ. ಆ ವಸ್ತು ಒಯ್ಯೂ ಸಲುವಾಗಿ ಯಾರಿಗರೆ ಪೆಟ್ಟು ಹಾಕಿದ್ರ, ಇಲ್ಲಾ ಪೆಟ್ಟಿನ ಅಂಜಿಕಿ ಹಾಕಿದ್ರ, ಅದು ಕಳವು ಉಳಿಯೂದಿಲ್ಲ, ದರೋಡಿ ಆಗ್ತದ. ದರೋಡಿ ಮಾಡಾವ್ರು ಐದು ಮಂದಿ ಆದ್ರ ಡಕಾಯಿತಿ. ಒಬ್ಬಾಂವ ಸಿಗದಿದ್ರೂ ಡಕಾಯಿತೀನ. ಬರೇ ಕಳವಿಗೆ ತಿಂಗಳಿನ ಮಾತು ಆಡಬಹುದು. ಡಕಾಯಿತಿಗೆ ಹತ್ತು ವರ್ಷ ಅಂದ್ರೂ ಅಂತಾರ."

ಒಂದೇ ತೊಲೆ, ಒಂದೇ ಮಧ್ಯಾಹ್ನ. ಒಂದು ಕೈ ಎದೆಗೆ ತಾಗಿದ್ದಕ್ಕೆ ಅದರ ಹೆಸರು ಬದಲಾಗುತ್ತದೆ, ಒಬ್ಬ ಮನುಷ್ಯ ಹೆಚ್ಚಾದದ್ದಕ್ಕೆ ಇನ್ನೊಮ್ಮೆ ಬದಲಾಗುತ್ತದೆ. ನಾನು ಪರ ಗಂಡಸರ ಮುಂದೆ ಬಾಯಿ ಬಿಟ್ಟವಳಲ್ಲ, ನಿನಗೆ ಗೊತ್ತು. ಮುಕ್ತಾಬಾಯಿಯವರ ಸೆರಗು ಹಿಡಿದು ಕಿವಿಯಲ್ಲಿ ಹೇಳಿದೆ, ಅವರು ಗಟ್ಟಿಯಾಗಿ ಕೇಳಿದರು: "ಕಮಲಾಪುರದಾಗ ಹೋಳಿಗಿ ಬೈದ್ರ ಕಟಗಿ ಕೊಟ್ಟಂಗ ಅಂತ್ರೀ. ಕರೀಂಸಾಬ ಬೈದಿದ್ರ?"

ರಾಯರು ನೆಟ್ಟಗೆ ಕುಳಿತರು. "ಹಂಗೇನು? ಕಾವಲುಗಾರ ಕೊಟ್ಟಾನಂತ ನಿಜಕ್ಕೂ ನಂಬಿ ಒಯ್ದಿದ್ರ ಬೇಮಾನಿ ಎಲ್ಲಿ ಬಂತು? ಕಳವಾ ನಿಲ್ಲೂದಿಲ್ಲ. ಆದ್ರ ಕಚೇರ್ಯಾಗ ಒಂದು ಮಾತು ಕೇಳ್ತಾರ. ಕೊಡೂ ಮನಷ್ಯಾನ್ನ ಯಾಕ ಕೆಡವಿದ್ರಿ?"

ನಾನು ಮತ್ತೆ ಕಿವಿಯಲ್ಲಿ ಹೇಳಿದೆ, ಮುಕ್ತಾಬಾಯಿ ಮತ್ತೆ ಕೇಳಿದರು: "ಕಟಗಿ ಸಲುವಾಗಿ ಅಲ್ಲ, ಬ್ಯಾರೆ ಸಿಟ್ಟಿಗೆ ದಬ್ಬಿದ್ರ?"

"ಹಂಗ ತೋರಿಸಿದ್ರ ದರೋಡಿ ಬಿತ್ತು. ಕೈ ಮುರದ ಗುನ್ಹೆ ಅಷ್ಟಾ ಉಳೀತದ, ಅದು ದಬ್ಬಿದಾಂವ ಒಬ್ಬನ ಪಾಲಿಗೆ. ಉಳದಾವ್ರು ಮನೀಗಿ ಹೋಗ್ತಾರ. ಕಳವಾ ಇಲ್ಲದ ಕಡೆ ಐದಾದ್ರೇನು, ಐವತ್ತಾದ್ರೇನು? ಆದ್ರ ಯಾವ ಸಿಟ್ಟು, ಯಾಕ ಬಂತು, ಅದನ್ನ ಕರೀಂಸಾಬ ಹೇಳಬೇಕು. ಬೈಯೂದು ಅಂದ್ರ ಕೊಡೂದು ಅಂಬೂದನ್ನ ಊರಾಗಿನ ಮರ್ಯಾದಸ್ಥ ಮನಷ್ಯಾ ಒಬ್ಬಾಂವ ಬಂದು ಹೇಳಬೇಕು. ಹುಡುಗೂರು ಹೇಳಿದ್ರ ಯಾರೂ ನಂಬೂದಿಲ್ಲ."

ಅಣ್ಣ, ಆ ಮರ್ಯಾದಸ್ಥ ಮನುಷ್ಯ ನೀನು. ಅದಕ್ಕೇ ಈ ಕಾಗದ.

ಮರುದಿನ ಮಾವನ ಜೊತೆ ಜೇಲಿಗೆ ಹೋದೆ. ಸರಳಿನ ಆಚೆ ದೌಲಪ್ಪ ಇಳಿದುಹೋಗಿದ್ದಾನೆ, ಆದರೆ ಬಾಯಿ ಹಾಗೆಯೇ ಇದೆ. "ಅಕ್ಕಾ, ಇಲ್ಲಿ ರೊಟ್ಟಿ ಎಂಥಾವ ಕೊಡ್ತಾರಂದ್ರ, ಅವನ್ನ ಕದ್ದು ಒಯ್ದ್ರೂ ಯಾರೂ ಕೇಸು ಹಾಕೂದಿಲ್ಲ," ಎಂದ. ಪಹರೆಯವನೂ ನಕ್ಕ.

"ಕರೀಂಕಾಕಾನ್ನ ಯಾಕ ದಬ್ಬಿದಿ?" ಎಂದು ಕೇಳಿದೆ.

"ಸಿಟ್ಟು ಬಂತು."

"ಏನಂದಾ ಅಂತ ಸಿಟ್ಟು ಬಂತು?"

"ನೆನಪಿಲ್ಲ."

"ನಿನ್ನ ಹೆಗಲ ಮ್ಯಾಲ ಕುಂದರಿಸಿಕೊಂಡು ಬಾವಿಗಿ ಒಯ್ದು ಈಸು ಕಲಿಸಿದಾಂವ. ಅವನ ಬೈಗುಳಾ ನಿನಗ ಹೊಸಾವೇನು?"

ಅವನು ಪಹರೆಯವನ ಕಡೆ ತಿರುಗಿ ಹೊತ್ತಾಯಿತೆಂದ. ಪಹರೆಯವನು ಇನ್ನೂ ಕರೆದಿರಲಿಲ್ಲ. ಹೋಗುವಾಗ ಸರಳಿಗೆ ಬಾಯಿ ಹಚ್ಚಿ, "ನಾ ದಬ್ಬೀನಿ ಅಂತ ಹೇಳಿದಮ್ಯಾಲ ಮುಗೀತಲ್ಲಕ್ಕಾ. ಕೆದಕಬ್ಯಾಡ. ನಿನ್ನ ಸಂಸಾರ ನೋಡ್ಕೋ," ಎಂದ. ಆ ಮಾತು ಮನೆ ಮುಟ್ಟುವವರೆಗೂ ಬೆನ್ನ ಹಿಂದೆ ಯಾರೋ ಬಂದ ಹಾಗೆ ಬಂತು. ಅವನು ಸುಳ್ಳು ಹೇಳಿದಾಗ ಬೆರಳಿನಿಂದ ಮೂಗು ತಿಕ್ಕಿಕೊಳ್ಳುತ್ತಾನೆ, ಸಣ್ಣವನಿದ್ದಾಗಿನಿಂದ. ಆಗಲೂ ತಿಕ್ಕಿಕೊಂಡ.

ಕರೀಂಕಾಕಾ ಮೂಳೆ ಕೂಡಿಸಿಕೊಳ್ಳಲು ಇಲ್ಲಿಯೇ ಮೋಮಿನಪುರದಲ್ಲಿ ಮಗಳು ಫರೀದಾಳ ಮನೆಯಲ್ಲಿ ಇದ್ದಾರೆಂದು ಶಫಿ ಹೇಳಿದ್ದ. ಅವನೇ ಓಣಿ ತೋರಿಸಿದ. ಫರೀದಾ ನನ್ನನ್ನು ಕಂಡ ಕೂಡಲೇ ಬಾಗಿಲಿಗೆ ಅಡ್ಡ ನಿಂತಳು.

"ಬರ್ರಿ ಬರ್ರಿ. ಅಪ್ಪನ ಕೈ ಹೋಯ್ತು. ಈಗ ನೌಕರೀನೂ ಹೋಗ್ಲಿ ಅಂತ ಬಂದೀರೇನು? ನಾನಾ ಕೊಟ್ಟೀನಿ ಅಂತ ಅಪ್ಪ ಅಂದ್ರ ಸೇಠ್ ಅವನ್ನ ಇಟ್ಟುಕೋತಾನೇನು?"

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಳಗಿನಿಂದ ಕಾಕಾ, "ಯಾರವಾ? ನೀಲಗಂಗಾನೇನು? ಆಕಿನ್ನ ಬಿಡು, ಸಣ್ಣಾಕಿದ್ದಾಗ ಬೈದ್ರ ಮೂರು ದಿನ ಉಣತಿದ್ದಿಲ್ಲ ಆಕಿ," ಎಂದರು. ಫರೀದಾ ಪಕ್ಕಕ್ಕೆ ಸರಿದಳು, ಸರಿದು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಕಾಕಾನ ಬಲಗೈಗೆ ಬಿದಿರಿನ ಸೀಳು ಇಟ್ಟು ಕಟ್ಟಿದ್ದಾರೆ. ಬೆರಳುಗಳು ಊದಿವೆ. ನಾನು ಅಳುತ್ತ ನಿಂತೆ. ಅವರು ಆ ದಿನದ್ದೆಲ್ಲ ಹೇಳಿದರು. ತೊಲೆ ಸಾಗವಾನಿಯೇ, ಆದರೆ ಗೆದ್ದಲು ತಿಂದದ್ದು. ಸೇಠರು ತಾವೇ ಅದನ್ನು ಗೋಡೆಯ ಹೊರಗೆ ಹಾಕಿಸಿದ್ದರು. ಹುಡುಗರು ಹಲಗೆ ಬಾರಿಸುತ್ತ ಬಂದಾಗ ಕಾಕಾ ವರ್ಷದ ಪದ್ಧತಿಯಂತೆ ಬಾಯಿ ತುಂಬ ಬೈದು, ಆ ತೊಲೆಯನ್ನು ಕಾಲಿನಿಂದ ಒದ್ದು ತೋರಿಸಿದರು. ಇದನ್ನೆಲ್ಲ ಕಚೇರಿಯಲ್ಲಿ ಹೇಳಲು ಅವರು ಒಪ್ಪಿದ್ದಾರೆ. ಕೆಡವಿದ್ದರ ಬಗ್ಗೆಯೂ ನನಗೆ ಹೇಳಿದರು. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ.

ಅಣ್ಣ, ಗುರುವಾರ ಮುಂಜಾನೆಯೊಳಗೆ ಬಾ. ಬುಧವಾರ ಬಾಳೆ ಬಂಡಿಗಳು ಹೊರಡುತ್ತವಲ್ಲ, ಅವುಗಳ ಜೊತೆಗೇ ಬಾ. ದೌಲಪ್ಪನ ಮುಖ ನೋಡಬೇಕೆಂದು ನಿನಗೆ ಅನ್ನಿಸದಿದ್ದರೆ ನೋಡಬೇಡ. ನಮ್ಮೂರಲ್ಲಿ ಬೈದರೆ ಕೊಟ್ಟ ಹಾಗೆ ಎಂಬ ಒಂದು ಮಾತನ್ನು ಹೇಳಿ, ಬೇಕಾದರೆ ಹಾಗೆಯೇ ತಿರುಗಿ ಹೋಗು.

ಇಲ್ಲಿ ಅತ್ತೆ ಮಾವ ಆರಾಮ ಇದ್ದಾರೆ. ಮನೆಯವರು ಇಪ್ಪತ್ತು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಅತ್ತಿಗೆಗೆ ನನ್ನ ಶರಣು. ಮಕ್ಕಳಿಗೆ ಅತ್ತೆಯ ಆಶೀರ್ವಾದ, ಸಣ್ಣವಳಿಗೆ ಹಲ್ಲು ಬಂದಿರಬೇಕು, ಅವಳು ನೂರು ವರ್ಷ ಬಾಳಲಿ. ನಿನ್ನ ಕೈ ನನ್ನ ತಲೆಯ ಮೇಲೆ ಇರಲಿ, ಈಗ ಅದು ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ.

ಇಂತು ನಿನ್ನ ತಂಗಿ,
ನೀಲಗಂಗಾ

ತಾಜಾ ಕಲಂ:

ಮೇಲಿನದನ್ನು ನಿನ್ನೆ ಬರೆದು ಮಡಿಚಿ ಇಟ್ಟಿದ್ದೆ. ಶಫಿಯ ಬಂಡಿ ಇನ್ನೂ ಹೊರಟಿಲ್ಲ. ಬಿಟ್ಟದ್ದನ್ನು ಬರೆಯದೆ ಕಳಿಸಿದರೆ ನಾನೂ ದೌಲಪ್ಪನ ಮೇಲೆ ಸುಳ್ಳು ಹೇಳಿದ ಹಾಗೆ.

ಕಾಕಾನ ಕೈ ಮುರಿದವನು ದೌಲಪ್ಪ ಅಲ್ಲ. ಐದನೆಯವರು ನಮ್ಮ ಮನೆಯವರು. ಹೋಳಿಗೆಂದು ಬಂದ ಅಳಿಯ ಮುಂಜಾನೆಯೇ ಬಾಳೆ ಬಂಡಿಯಲ್ಲಿ ಕಲಬುರಗಿಗೆ ತಿರುಗಿದರೆಂದು ನೀನು ತಿಳಿದಿದ್ದೀ. ನೀನು ತೋಟಕ್ಕೆ ಹೋದ ಮೇಲೆ ಹುಡುಗರು ಅವರನ್ನು ಬಂಡಿಯಿಂದ ಇಳಿಸಿಕೊಂಡಿದ್ದರು. ಕಾಕಾ ನನಗೆ ಹೇಳಿದ ಮಾತು ಇದು:

"ಹುಡುಗೂರ ಹಿಂದ ನಿನ್ನ ಗಂಡ ನಿಂತಿದ್ದ. ಎಲ್ಲಾರಿಗೂ ಬೈದು ಊರ ಅಳಿಯಗ ಒಂದು ಬೈಲಿಲ್ಲಂದ್ರ ಹೆಂಗ ಅಂತ, 'ನಮ್ಮೂರ ಹೆಣ್ಣು ಒಯ್ದದ್ದು ಸಾಲಲಿಲ್ಲೇನೋ ಕಳ್ಳಾ, ಈಗ ಕಟಗೀಗೂ ಬಂದೇನು?' ಅಂದೆ. ಹುಡುಗೂರು ಕುಣದು ಕುಣದು ನಕ್ಕರು. ಅವನ ಮಾರಿ ಕೆಂಪಾತು. ಎದಿಗೆ ಕೈ ಹಚ್ಚಿ ದಬ್ಬಿದ. ತೊಲಿ ಮ್ಯಾಲ ಬಿದ್ದೆ. ಅಂವ ಓಡಿದ. ದೌಲು ನನ್ನ ಎಬ್ಬಿಸಿ ಕೂಡ್ರಿಸಿದ, ಕೂಡ್ರಿಸಿ ಕಾಲು ಹಿಡದ. ಕಾಕಾ, ಅಕ್ಕನ ಗಂಡನ ಸುದ್ದಿ ತೆಗೀಬ್ಯಾಡ ಅಂದ. ನಾ ಆತು ಅಂದೆ. ನಾ ಸುಮ್ಮನಿದ್ರ ನಿನ್ನ ತಮ್ಮ ಹೋಗ್ತಾನ. ಬಾಯಿ ಬಿಟ್ರ ನಿನ್ನ ಗಂಡ ಹೋಗ್ತಾನ. ನೌಕರಿ ಚಿಂತಿ ನನಗಿಲ್ಲ, ಮುರದ ಕೈಯಾಂವಗ ಕಾವಲು ಯಾಂವ ಕೊಡ್ತಾನ? ಆದ್ರ ಇದು ನನ್ನ ಕೈಯಾಗಿ‌ನ ಮಾತಲ್ಲ ಮಗಳ. ನೀ ಹೇಳು, ಹಂಗ ಮಾಡ್ತೀನಿ."

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರನ್ನು ಕೇಳಿದೆ. ಅವರು ಇಲ್ಲವೆನ್ನಲಿಲ್ಲ. "ನಾ ಹೋಗಿ ನಿಂತ್ರ ಐದು ಮಂದಿ ಆಗ್ತೀವಿ. ಡಕಾಯಿತಿ ಆಗ್ತದ. ನಿನ್ನ ತಮ್ಮನ ಕೊರಳಿಗೆ ನಾನಾ ಹಗ್ಗ ಹಾಕಿದಂಗ. ಅದಕ್ಕ ಸುಮ್ಮನಿದ್ದೀನಿ," ಎಂದರು. ಕಣ್ಣಲ್ಲಿ ನೀರಿತ್ತು. ನಾನು ನಂಬಿದೆ ಅಣ್ಣ. ದೌಲಪ್ಪನಿಗಾಗಿಯೇ ಇವರು ಅನ್ನ ಬಿಟ್ಟು ಕುಳಿತಿದ್ದಾರೆಂದು ತಿಳಿದು, ಆ ಕ್ಷಣ ಅವರ ಮೇಲೆ ಪ್ರೀತಿಯೇ ಬಂತು.

ಹಾಗಾದರೆ ಅಂಜಬೇಕಾಗಿಲ್ಲ ಎಂದು ರಾಯರ ಮಾತನ್ನು ಪೂರ್ತಿ ಹೇಳಿದೆ. ಕಾಕಾ ಕಟ್ಟಿಗೆ ಕೊಟ್ಟರೆಂದಾದರೆ ಕಳವೇ ಇಲ್ಲ. ಸಿಟ್ಟಿಗೆ ತಳ್ಳಿದ್ದೆಂದು ನೀವೇ ಹೇಳಿದರೆ ದರೋಡೆಯಿಲ್ಲ, ಡಕಾಯಿತಿಯೂ ಇಲ್ಲ. ನಾಲ್ಕೂ ಹುಡುಗರು ಮನೆಗೆ ಬರುತ್ತಾರೆ, ಕೈ ಮುರಿದದ್ದಕ್ಕೆ ನಿಮಗೆ ಆಗುವುದು ಅದರ ಮುಂದೆ ಏನೂ ಅಲ್ಲ ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ತಳ್ಳಿದ್ದಕ್ಕೆ ನಾನು ಅಷ್ಟು ನೊಂದಿಲ್ಲ. ಸಿಟ್ಟು ಯಾರಿಗೂ ಬರುತ್ತದೆ. ಆದರೆ ದೌಲಪ್ಪನನ್ನು ಉಳಿಸುವ ದಾರಿ ಇದೆಯೆಂದು ತಿಳಿದ ಮೇಲೂ ಅವರು ಏಳಲಿಲ್ಲ. ಆ ಬೆನ್ನನ್ನು ನೋಡಿದ ಮೇಲೆ ಆ ಮನೆಯಲ್ಲಿ ನಾನು ಹೇಗೆ ಇರುವುದೋ ನನಗೆ ತಿಳಿಯದು. ಮರುದಿನವೂ, ಅದರ ಮರುದಿನವೂ ಅವರು ಆ ಮಾತು ತೆಗೆಯಲಿಲ್ಲ. ಕಾಕಾ ಗುರುವಾರ ಹೇಳುವುದನ್ನು ರಾಯರು ಇಂದೇ ಕೇಳಿ ಬರೆದುಕೊಳ್ಳಬೇಕಂತೆ.

ಇಂದು ಮುಂಜಾನೆ ನೀರು ತರುವ ಹೊತ್ತಿಗೆ ಕೊಡವನ್ನು ಬಾವಿಯ ಕಟ್ಟೆಯ ಮೇಲೆಯೇ ಬಿಟ್ಟು ಮೋಮಿನಪುರಕ್ಕೆ ಹೋದೆ. ಫರೀದಾ ದಾರಿ ಬಿಟ್ಟಳು. ಕಾಕಾ ಎದ್ದು ಕುಳಿತು, "ಹೇಳ್ಲೇನು ಮಗಳ?" ಎಂದರು. ನಾನು ಹೌದೆಂದು ಗೋಣು ಹಾಕಿದೆ.

"ಗೋಣು ಹಾಕಿದ್ರ ವಕೀಲರು ಬರಕೊಳ್ಳೂದಿಲ್ಲವಾ. ಕಮಲಾಪುರದ ಅಳಿಯ ಅಂದ್ರ ಕಚೇರ್ಯಾಗ ಯಾರಿಗೆ ಗೊತ್ತು? ನಾವೆಲ್ಲಾ ನೀಲಗಂಗಾನ ಗಂಡ ಅಂತಾನಾ ಕರ್ದೀವಿ. ಅವನ ಹೆಸರೇನು?"

ಮದುವೆಯಲ್ಲಿ ನೀವೆಲ್ಲ ಬಾಗಿಲು ತಡೆದು ನಿಂತಾಗ ಗಂಡನ ಹೆಸರನ್ನು ಒಡಪು ಕಟ್ಟಿ ಒಮ್ಮೆ ಹೇಳಿದ್ದೆ. ಆಮೇಲೆ ಆ ಹೆಸರು ನನ್ನ ಬಾಯಿಗೆ ಬಂದಿಲ್ಲ. ಫರೀದಾ ಕಡೆಗೆ ನೋಡಿದೆ, ಅವಳು ನೆಲ ನೋಡುತ್ತಿದ್ದಳು.

ದೇವೀಂದ್ರಪ್ಪ ಎಂದೆ.

ಕೇಳಿಸಲಿಲ್ಲ ಎಂದು ಕಾಕಾ ಎಡಗೈಯನ್ನು ಕಿವಿಯ ಹತ್ತಿರ ತಂದರು. ಇನ್ನೊಮ್ಮೆ ಹೇಳಿದೆ.